ಹದಿನೇಳನೇ ಪುಟದ ಲೆಕ್ಕ

ಹದಿನೇಳನೇ ಪುಟದ ಲೆಕ್ಕವನ್ನು ನಾನು ಹಾಕಲಿಲ್ಲ. ಹಾಕಿದ್ದೇನೆ ಎಂದು ಬರೆದು ಸಹಿ ಮಾಡಿಕೊಟ್ಟೆ. ನನ್ನ ಅಣ್ಣನಿಗೆ ನಾನು ಮಾಡಿದ ಅನ್ಯಾಯ ಇದು. ಹೇಳುವುದಕ್ಕೆ ಎರಡು ಸಾಲು ಸಾಕು. ಬಾಯಿ ಬಿಡುವುದಕ್ಕೆ ಮಾತ್ರ ಎರಡು ವರ್ಷ ಹಿಡಿಯಿತು.

ಅಣ್ಣ ಎಂದರೆ ಮೊದಲು ನನ್ನ ಕಣ್ಣಿಗೆ ಬರುವುದು ಅವನ ಬಲಗೈ ಉಗುರುಗಳು. ಉಗುರಿನ ಸಂದಿಯಲ್ಲಿ ಸದಾ ಪ್ರಿಂಟರಿನ ಕಪ್ಪು ಪುಡಿ. ತಿಪಟೂರಿನಲ್ಲಿ ಅವನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆ ಕಾರ್ಡು, ಕಂಪ್ಯೂಟರ್ ಜಾತಕ. ಪ್ರಿಂಟರಿಗೆ ಪುಡಿಯನ್ನು ತಾನೇ ತುಂಬುತ್ತಿದ್ದ. ಭಾನುವಾರ ಬಿಳಿಗೆರೆಯ ನಮ್ಮ ಮನೆಗೆ ಬಂದು ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದ. "ಕೈ ತೊಳ್ಕಂಡು ಬಾ" ಎಂದರೆ "ತೊಳ್ದಿದೀನಿ ಕಣೇ, ಹೋಗಲ್ಲ ಇದು" ಎಂದು ಬೆರಳು ಚಾಚಿ ತೋರಿಸುತ್ತಿದ್ದ. ಮದುವೆಯಾಗಿರಲಿಲ್ಲ. ಆಗಿದ್ದರೆ ಆ ಹೆಣ್ಣುಮಗಳ ಗತಿ ಏನಾಗುತ್ತಿತ್ತೋ. ನನಗೆ ವಾರಕ್ಕೆ ಒಂದು ದಿನಕ್ಕೇ ಸಾಕಾಗಿಹೋಗುತ್ತಿತ್ತು.

ಅವನ ಕಾಯಿಲೆ ಒಂದೇ. ಯಾವುದನ್ನೂ ಬರೆದಿಡದೆ ಬಿಡುತ್ತಿರಲಿಲ್ಲ, ಯಾಕೆ ಎಂದು ಹೇಳದೆ ಬರೆಯುತ್ತಿರಲಿಲ್ಲ. ನಮ್ಮ ತೋಟದ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯ ಮೇಲೆ ಹನ್ನೆರಡು ಸಾಲಿನ ಒಂದು ಕಾಗದ ಅಂಟಿಸಿದ್ದ. ‘ಮೊದಲು ಚಪ್ಪಲಿ ಹಾಕಿಕೊಳ್ಳಿ. ಯಾಕೆಂದರೆ ನೆಲ ಒದ್ದೆ ಇರುತ್ತದೆ. ಆಮೇಲೆ ಹಸಿರು ಗುಂಡಿ ಒತ್ತಿ.’ ನಮ್ಮ ಯಜಮಾನರು ಇಪ್ಪತ್ತು ವರ್ಷದಿಂದ ಮೋಟಾರು ಹಾಕುತ್ತಿದ್ದವರು. ಅದನ್ನು ಓದಿ, "ಭಾವ, ಉಸಿರು ಬಿಡೋದು ಯಾವ ಸಾಲಲ್ಲಿದೆ, ಕಾಣ್ತಿಲ್ವಲ್ಲ" ಎಂದರು. ಅಣ್ಣ ನಗಲಿಲ್ಲ. ಒಂದು ದಿನ ನನ್ನ ಅಡಿಗೆಮನೆಗೂ ಬಂದ. ಹುಳಿಗೆ ಉಪ್ಪು ಹಾಕುತ್ತಿದ್ದೆ. "ಎಷ್ಟು ಹಾಕ್ದೆ?" ಎಂದ. "ಒಂದಿಷ್ಟು" ಎಂದೆ. "ಒಂದಿಷ್ಟು ಅಂದ್ರೆ? ನಾಳೆ ನೀನಿಲ್ದೆ ಹೋದ್ರೆ ಈ ಹುಳಿ ಹೆಂಗೆ ಮಾಡೋದು?" ಬೆಳಗ್ಗೆ ಬೆಳಗ್ಗೆ ನನ್ನ ಸಾವಿನ ಮಾತು. ಸೌಟು ತೋರಿಸಿ ಹೊರಗೆ ಕಳಿಸಿದೆ.

ಇಂಥವನಿಗೆ ಟಿಬೆಟಿಯನ್ನರ ಜ್ಯೋತಿಷ್ಯ ಗಂಟುಬಿದ್ದದ್ದು ಸ್ವೆಟರ್ ಮಾರುವವರಿಂದ. ಚಳಿಗಾಲ ಶುರುವಾದರೆ ಬೈಲಕುಪ್ಪೆ ಕಡೆಯಿಂದ ಅವರು ತಿಪಟೂರಿಗೆ ಬಂದು, ರಸ್ತೆಬದಿಯಲ್ಲಿ ತಗಡಿನ ಅಂಗಡಿ ಕಟ್ಟಿ ಸ್ವೆಟರು, ಮಂಕಿಟೋಪಿ ಮಾರುತ್ತಾರೆ. ಅವರಲ್ಲಿ ಒಬ್ಬ ಹಿರಿಯರು ಬೋರ್ಡು ಪ್ರಿಂಟ್ ಮಾಡಿಸಲು ಅಣ್ಣನ ಅಂಗಡಿಗೆ ಬಂದಿದ್ದರು. ಇಲ್ಲೇ ಹುಟ್ಟಿ ಬೆಳೆದವರು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಯಾರದೋ ಜಾತಕ ಮಿಷನ್ನಿನಿಂದ ಹೊರಗೆ ಬರುತ್ತಿರುವುದನ್ನು ನೋಡಿ, "ನಮ್ದೂ ಹಿಂಗೆ ಬರುತ್ತೇನಣ್ಣ?" ಎಂದು ಕೇಳಿದರಂತೆ. ಅವರ ಊರಿನಲ್ಲಿ ಪಂಚಾಂಗದ ಲೆಕ್ಕ ಹಾಕುವ ಒಬ್ಬ ವಯಸ್ಸಾದ ಗುರುಗಳಿದ್ದರು. ಮರದ ಹಲಗೆಯ ಮೇಲೆ ಸಣ್ಣಗೆ ದೂಳು ಹರಡಿ, ಕಡ್ಡಿಯಲ್ಲಿ ಅಂಕಿ ಗೀಚಿ, ಒರೆಸಿ, ಮತ್ತೆ ಗೀಚಿ ಲೆಕ್ಕ ಹಾಕುತ್ತಿದ್ದರಂತೆ. ಈಗ ಅವರ ಕೈ ನಡುಗುತ್ತದೆ, ದೂಳಿನ ಮೇಲೆ ಗೀಟು ನಿಲ್ಲುವುದಿಲ್ಲ, ಕಲಿಯಲು ಬಂದ ಇಬ್ಬರು ಸನ್ಯಾಸಿಗಳಿಗೆ ಅರ್ಧ ಹೇಳುವಷ್ಟರಲ್ಲಿ ದಣಿಯುತ್ತಾರೆ ಎಂದು ಆ ಹಿರಿಯರು ಹೇಳಿದರು.

ಅಣ್ಣ ಮಾರನೆಯ ವಾರವೇ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ. ಆಮೇಲೆ ನಾಲ್ಕು ವರ್ಷ ಇದೇ ಕೆಲಸ.

"ನಮ್ಮ ಪಂಚಾಂಗದೋರೇ ಒಂದು ಹಬ್ಬಕ್ಕೆ ಎರಡು ದಿನ ಹೇಳ್ತಾರೆ ಭಾವ. ಅವ್ರದ್ದು ಬೇರೆ ನಿಮ್ಗೆ ಯಾಕೆ?" ಎಂದು ಯಜಮಾನರು ಕೇಳಿದರು.

"ನಂಬೋದು ಬುಡೋದು ಅವರವರಿಗೆ ಸೇರಿದ್ದು. ಲೆಕ್ಕ ತಪ್ಪಬಾರದು, ಅಷ್ಟೇ" ಎಂದ ಅಣ್ಣ.

ಕಂಪ್ಯೂಟರಿಗೆ ಲೆಕ್ಕ ಕಲಿಸುವುದನ್ನು ಅವನು ಪುಸ್ತಕ ನೋಡಿಕೊಂಡೇ ಕಲಿತಿದ್ದ. ಅದು ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು, ನನ್ನ ಪಾಲಿಗೆ, ಅದರ ಜೊತೆ ಅವನು ಬರೆದ ವಿವರಣೆ. "ಮಿಷನ್ನಿಗೆ ಒಂದು ಸಾಲು ಸಾಕು, ಮನುಷ್ಯರಿಗೆ ಮೂರು ಬೇಕು" ಎನ್ನುತ್ತಿದ್ದ. ಮಿಷನ್ನಿಗೆ ಹೇಳಿದ ಪ್ರತಿಯೊಂದು ಹೆಜ್ಜೆಯನ್ನೂ ಕನ್ನಡದಲ್ಲಿ ಬಿಡಿಸಿ ಬರೆಯುತ್ತಿದ್ದ. ಕರೆಂಟು ಹೋದರೂ, ಮಿಷನ್ ಕೆಟ್ಟರೂ, ತಾನೇ ಸತ್ತರೂ, ಆ ಬರಹ ಓದಿಕೊಂಡು ಯಾರಾದರೂ ಕೈಯಲ್ಲೇ ಲೆಕ್ಕ ಹಾಕುವಂತಿರಬೇಕು ಎಂಬುದು ಅವನ ಹಟ. ಆ ಯಾರಾದರೂ ಎಂಬುದಕ್ಕೆ ಅವನಿಗೆ ಸಿಕ್ಕಿದವಳು ನಾನು.

"ನೀನು ಏಳನೇ ಕ್ಲಾಸು. ನಿಂಗೆ ತಿಳಿದ್ರೆ ಎಲ್ರಿಗೂ ತಿಳಿಯುತ್ತೆ" ಎಂದು ಮೊದಲ ಭಾನುವಾರ ಹಾಳೆಗಳನ್ನು ತಂದು ಮುಂದಿಟ್ಟ.

"ಊರಲ್ಲೆಲ್ಲ ಹುಡುಕಿ ದಡ್ಡಿ ಅಂತ ನನ್ನ ಆರಿಸ್ಕಂಡೆಯಾ?"

"ದಡ್ಡರು ಗೊತ್ತಾಗದಿದ್ರೂ ತಲೆ ಆಡಿಸ್ತಾರೆ ಕಣೇ. ನೀನು ಜಗಳಕ್ಕೆ ಬತ್ತೀಯ. ನಂಗೆ ಅದೇ ಬೇಕು."

"ನೀನೇ ಹಾಕಿ ನೋಡ್ಕ."

"ನಾನು ಹಾಕಿದ್ರೆ ಬರೆದಿರೋದನ್ನ ಹಾಕಲ್ಲ. ಗೊತ್ತಿರೋದನ್ನ ಹಾಕ್ತೀನಿ. ಅದು ಪರೀಕ್ಷೆ ಅಲ್ಲ."

ಪ್ರತಿ ಪುಟದ ಕೊನೆಗೆ ಒಂದು ಲೆಕ್ಕ. ಅದರ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಮಡಿಚಿ, ಪಿನ್ನು ಹೊಡೆದು ಪುಟಕ್ಕೆ ಸೇರಿಸಿರುತ್ತಿದ್ದ. ನಾನು ಬರಹ ಓದಿ ಲೆಕ್ಕ ಹಾಕಬೇಕು, ಉತ್ತರ ಬರೆಯಬೇಕು, ಆಮೇಲೆ ಚೀಟಿ ಬಿಚ್ಚಿ ನೋಡಬೇಕು. ಎರಡೂ ತಾಳೆಯಾದರೆ ಕೆಳಗೆ ‘ತಿಳಿಯಿತು’ ಎಂದು ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡೆ ಎಂದು ತೋರಿಸಬೇಕು. ನಾನು ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿ, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಅದನ್ನು ನೋಡಿ ಅವನಿಗೆ ಆನಂದ. "ಗುರುಗಳೂ ಹಿಂಗೇ ಕಣೇ!"

ಆ ಲೆಕ್ಕವೋ, ಶಿವನೇ. ಒಂದು ದಿನಕ್ಕೆ ಅರವತ್ತು ಘಳಿಗೆ, ಘಳಿಗೆಗೆ ಅರವತ್ತು ವಿಘಳಿಗೆ. ಅಷ್ಟಕ್ಕೆ ನಿಲ್ಲುವುದಿಲ್ಲ. ವಿಘಳಿಗೆಗೆ ಆರು ಉಸಿರು, ಒಂದು ಉಸಿರನ್ನು ಏಳುನೂರ ಏಳು ಚೂರು ಮಾಡಬೇಕು. ಮಾಡಿ? ಆ ಚೂರುಗಳನ್ನೂ ಕೂಡಿ ಕಳೆಯಬೇಕು. ಅವರ ತಿಂಗಳಲ್ಲಿ ಕೆಲವು ತಾರೀಖು ಎರಡೆರಡು ಸಲ ಬರುತ್ತದೆ, ಕೆಲವು ಬರುವುದೇ ಇಲ್ಲ. "ಹನ್ನೊಂದು ಬರದೇ ಇದ್ರೆ ಹನ್ನೊಂದಕ್ಕೆ ಹಬ್ಬ ಇಟ್ಕಂಡೋರು ಬಾಯಿಗೆ ಮಣ್ಣು ಹಾಕ್ಕಬೇಕಾ?" ಎಂದು ಕಿರುಚಿದೆ. ಮುಂದಿನ ವಾರ ಆ ಪುಟಕ್ಕೆ ಒಂದು ಹೊಸ ಪ್ಯಾರಾ ಬಂದಿತ್ತು. ‘ಬಿಟ್ಟುಹೋದ ದಿನದ ಹಬ್ಬವನ್ನು ಏನು ಮಾಡಬೇಕು? ಈ ಪ್ರಶ್ನೆ ನನ್ನ ತಂಗಿಯದು.’ ಮಣ್ಣಿನ ವಿಷಯ ಬಿಟ್ಟಿದ್ದ, ಪುಣ್ಯ.

ಇನ್ನೊಂದು ವಾರ ಬಾಗಿಲಲ್ಲೇ ನಿಂತು, "ಹುಟ್ಟಿದ ವರ್ಷದ ಲೆಕ್ಕ ಮುಗೀತು. ನೀನು ಕಬ್ಬಿಣದ ಹಂದಿ" ಎಂದ. ಅವರಲ್ಲಿ ವರ್ಷಕ್ಕೆ ಒಂದು ಪ್ರಾಣಿ, ಒಂದು ಧಾತು. ತಾನು ಬೆಂಕಿಯ ಕುರಿಯಂತೆ. ಕಾಯಿ ಸುಲಿಯುವವರ ಎದುರಿಗೇ ಹೇಳಿದ. ಅವತ್ತು ಅವನಿಗೆ ನಾನು ಕಾಫಿ ಕೊಡಲಿಲ್ಲ.

ಹೀಗೆ ಹದಿನಾರು ಪುಟ ನಿಯತ್ತಾಗಿ ಹಾಕಿದೆ. ಜಗಳ ಆಡುತ್ತಲೇ ಹಾಕಿದೆ. ಐದನೆಯದನ್ನು ಮೂರು ಸಲ ತಿದ್ದಿಸಿದೆ. ನಿಜ ಹೇಳಬೇಕೆಂದರೆ, ಉತ್ತರ ತಾಳೆಯಾದಾಗ ಒಳಗೊಳಗೇ ಹಿಗ್ಗಾಗುತ್ತಿತ್ತು. ಅದನ್ನು ಅವನಿಗೆ ತೋರಿಸಿಕೊಳ್ಳುತ್ತಿರಲಿಲ್ಲ.

ಹದಿನೇಳನೇ ಪುಟ ಬಂದ ಭಾನುವಾರ ಅಟ್ಟದಿಂದ ಕೊಬ್ಬರಿ ಇಳಿಸಿ ಒಡೆಸುತ್ತಿದ್ದೆವು. ಒಂಬತ್ತು ಜನ ಆಳು. ಮುದ್ದೆಗೆ ಎಸರಿಟ್ಟಿದ್ದೇನೆ, ಹೊಗೆ ಕಣ್ಣಿಗೆ ತುಂಬಿದೆ, ಕೆಚ್ಚಲು ಬಾವು ಬಂದ ಹಸು ಒಂದು ಕಡೆ ಕೂಗುತ್ತಿದೆ. ಅಣ್ಣ ಜಗಲಿಯ ಮೇಲೆ ಕೂತು ಕಾಲು ಗಂಟೆಗೊಂದು ಸಲ, "ಆಯ್ತೇನೇ?" "ನೋಡಿದೆಯೇನೇ?" "ಇದು ಮುಖ್ಯವಾದ ಪುಟ ಕಣೇ, ಚಂದ್ರನ ತಿದ್ದುಪಡಿ" ಎನ್ನುತ್ತಿದ್ದ. ಐದನೆಯ ಸಲಕ್ಕೆ ನನಗೆ ತಲೆ ಕೆಟ್ಟಿತು. ಹಿಟ್ಟಿನ ಕೈಯಲ್ಲೇ ಪಿನ್ನು ಕಿತ್ತು ಚೀಟಿ ನೋಡಿದೆ. ಅದರಲ್ಲಿದ್ದ ಅಂಕಿಗಳನ್ನು ಉತ್ತರದ ಜಾಗದಲ್ಲಿ ಬರೆದೆ. ‘ತಿಳಿಯಿತು’ ಎಂದು ಬರೆದು ಸಹಿ ಹಾಕಿದೆ. ಪಿನ್ನನ್ನು ಅದೇ ತೂತಿಗೆ ಒತ್ತಿದೆ.

"ಒಂದೇ ಸಲಕ್ಕೆ ಬಂತಾ?" ಎಂದ, ಆಶ್ಚರ್ಯದಿಂದ.

"ಹೂಂ, ಬಂತು. ಈಗ ಏಳು, ಊಟಕ್ಕೆ ಎಲೆ ಹಾಕು."

ಅವನ ಮುಖ ಅರಳಿದ್ದು ನನಗೆ ಇನ್ನೂ ಕಾಣಿಸುತ್ತದೆ. ಅಷ್ಟು ಕಠಿಣವಾದ ಪುಟವನ್ನು ತಂಗಿಗೆ ಒಂದೇ ಓದಿಗೆ ತಿಳಿಯುವಂತೆ ಬರೆದೆನಲ್ಲ ಎಂಬ ಖುಷಿ. ಎಲೆ ಹಾಕುತ್ತ ಆಳುಗಳಿಗೂ ಹೇಳಿದ.

ಎಲ್ಲ ಮುಗಿದ ಮೇಲೆ ಕಡತವನ್ನೂ ಕಂಪ್ಯೂಟರನ್ನೂ ಗುರುಗಳ ಬಳಿಗೆ ತೆಗೆದುಕೊಂಡು ಹೋದ. ಅವರು ಒಂದು ಷರತ್ತು ಹಾಕಿದರು. ಕನ್ನಡ ಓದಲು ಬರುವ ಆ ಇಬ್ಬರು ಸನ್ಯಾಸಿಗಳು ಬರಹ ಓದಿಕೊಂಡು ಹಲಗೆಯ ಮೇಲೆ ಲೆಕ್ಕ ಹಾಕಲಿ, ಪಕ್ಕದಲ್ಲಿ ಮಿಷನ್ ಹಾಕಲಿ. ಎರಡೂ ಒಂದೇ ಆದರೆ ಮುಂದಿನ ವರ್ಷದ ಪಂಚಾಂಗ ಇದರಿಂದಲೇ. ಅಣ್ಣನಿಗೂ ಬೇಕಾಗಿದ್ದು ಅದೇ. ನಾಲ್ಕು ವರ್ಷದ ಕೂಲಿ ಅಂತ ಅವನು ಕೇಳಿದ್ದು, ಅವರ ಪಂಚಾಂಗ ತನ್ನ ಬರಹದಿಂದ ಬರಲಿ ಎಂಬುದಷ್ಟನ್ನೇ.

ಎರಡು ತಿಂಗಳಿಗೆ ಸ್ವೆಟರಿನ ಹಿರಿಯರು ಫೋನು ಮಾಡಿದರು. ಅಣ್ಣ ನಮ್ಮ ಮನೆಯಲ್ಲೇ ಇದ್ದ.

"ಅಣ್ಣ, ಬೇಜಾರು ಮಾಡ್ಕೋಬೇಡಿ. ಅರ್ಧಕ್ಕರ್ಧ ದಿನಗಳಲ್ಲಿ ಕೈಲೆಕ್ಕ ಒಂದು ಹೇಳುತ್ತೆ, ಮಿಷನ್ ಇನ್ನೊಂದು ಹೇಳುತ್ತೆ. ಎರಡು ನಾಲಿಗೆಯ ಪೆಟ್ಟಿಗೆ ನಮಗೆ ಬೇಡ ಅಂದ್ರು ಗುರುಗಳು."

ಸನ್ಯಾಸಿಗಳು ಎಲ್ಲಿ ತಪ್ಪಿದರು ಎಂದು ನೋಡಲು ಅವರ ಲೆಕ್ಕ ಕಳಿಸಿ ಎಂದ ಅಣ್ಣ. ಕಳಿಸುವುದಕ್ಕೆ ಏನಿತ್ತು? ದೂಳಿನ ಹಲಗೆ. ಒಂದು ಹೆಜ್ಜೆ ಹಾಕಿ ಇನ್ನೊಂದು ಹೆಜ್ಜೆಗೆ ಒರೆಸಿಬಿಡುತ್ತಾರೆ. ಉಳಿಯುವುದು ಉತ್ತರ ಮಾತ್ರ. ಆ ವರ್ಷ ಅವರು ಪಂಚಾಂಗವನ್ನು ಬೇರೆ ಕಡೆಯಿಂದ ತರಿಸಿಕೊಂಡರು.

ಅಲ್ಲಿಂದ ಒಂದು ವರ್ಷ ಅಣ್ಣ ಮಿಷನ್ನಿನಲ್ಲಿ ತಪ್ಪು ಹುಡುಕಿದ. ಅವನಿಗೆ ಸಕ್ಕರೆ ಕಾಯಿಲೆ ಇತ್ತು, ಕಣ್ಣಿನ ಹಿಂಪರದೆಗೆ ಇಳಿದಿತ್ತು. ತುಮಕೂರಿನ ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಬಂದು ಲೇಸರ್ ಮಾಡಿಸಿಕೊಳ್ಳಿ ಎಂದಿದ್ದರು. "ಈ ತಪ್ಪೊಂದು ಸಿಗಲಿ, ಆಮೇಲೆ ಹೋಗಾನ" ಎಂದು ಮುಂದೂಡಿದ. ಸಾಲು ಸಾಲು ಬಿಚ್ಚಿ, ಮತ್ತೆ ಬರೆದು, ಮತ್ತೆ ಬಿಚ್ಚಿ. ಅಂಗಡಿ ಮುಚ್ಚಿ ಕಂಪ್ಯೂಟರನ್ನು ನಮ್ಮ ಮನೆಯ ಮುಂದಿನ ಕೋಣೆಗೇ ತಂದುಕೊಂಡ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದ.

ಬರಹವನ್ನು ಮಾತ್ರ ಅವನು ಅನುಮಾನಿಸಲಿಲ್ಲ. ಒಂದು ದಿನ ಯಜಮಾನರು, "ಬರೆದಿರೋದ್ರಲ್ಲೇ ಏನಾರ ಬಿಟ್ಟಿದ್ದೀರೇನೋ ಭಾವ, ಚಂದ್ರಂದು ಕಷ್ಟ ಅಂತಿದ್ರಿ" ಎಂದರು. ಅಣ್ಣ ಕೈ ಆಡಿಸಿದ. "ಹದಿನೇಳು ಬುಡಿ. ಅದನ್ನ ಇವಳೇ ಹಾಕಿ ನೋಡಿದಾಳೆ. ಇವಳ ಕೈಯಲ್ಲಿ ತಪ್ಪಿಸ್ಕಂಡು ಹೋಗೋದು ಯಾವ್ದೂ ಇಲ್ಲ."

ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ಅವತ್ತು ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ಆ ಪುಟದಲ್ಲೇ ಇರಬೇಕೆಂದೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಅಲ್ಲೇ ಇದ್ದರೆ ಎಂಬ ಹೆದರಿಕೆಗೆ ಆ ಪುಟವನ್ನು ಮುಟ್ಟಲೂ ಇಲ್ಲ. ಅವನ ಹಟಕ್ಕೆ ಬೈಯುತ್ತ ತಿರುಗಿದೆ. "ಸಾಕು ಬುಡಣ್ಣ, ಯಾರೋ ಯಾವೂರೋ, ಅವ್ರ ಚಂದ್ರ ಎಲ್ಲಾದ್ರೂ ಹೋಗ್ಲಿ" ಎಂದು ರೇಗಿದೆ. ಒಳಗೆ ಕಳ್ಳತನ ಇಟ್ಟುಕೊಂಡವಳಿಗೆ ಬಾಯಿ ಜೋರು.

ಒಂದು ಬೆಳಗ್ಗೆ ಅಣ್ಣ ಕಾಫಿ ಲೋಟವೆಂದು ಪಕ್ಕದ ಗಾಳಿಗೆ ಕೈ ಹಾಕಿದ. ಎರಡು ಸಲ ಹಾಕಿದ. ಮೂರನೆಯ ಸಲ ನಾನೇ ಲೋಟವನ್ನು ಅವನ ಕೈಗಿಟ್ಟೆ.

ಅವತ್ತೇ ಯಜಮಾನರು ಅವನನ್ನು ತುಮಕೂರಿಗೆ ಕರೆದುಕೊಂಡು ಹೋದ ಮೇಲೆ ಹದಿನೇಳನೇ ಪುಟ ತೆಗೆದೆ. ನೆಲ ಒರೆಸಿ ಸೀಮೆಸುಣ್ಣ ಹಿಡಿದು ಕೂತೆ. ಚಂದ್ರ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಅದಕ್ಕೆ ಈ ತಿದ್ದುಪಡಿ. ಬಂದ ಸಂಖ್ಯೆಯನ್ನು ಹದಿನಾಲ್ಕರಿಂದ ಭಾಗಿಸು, ಮಿಕ್ಕಿದ್ದನ್ನು ಹಿಡಿದು ಪಟ್ಟಿಯಲ್ಲಿ ಅಂಕಿ ಹುಡುಕು, ಅದನ್ನು ಘಳಿಗೆಗೆ ಕೂಡು. ಕೂಡಿದೆ. ಚೀಟಿಯ ಉತ್ತರ ಬರಲಿಲ್ಲ. ಒರೆಸಿ ಮತ್ತೆ ಹಾಕಿದೆ. ಬರಲಿಲ್ಲ. ಮೂರನೆಯ ಸಲ ಅಂಕಿಗಳನ್ನು ಸುಮ್ಮನೆ ನೋಡುತ್ತ ಕೂತಾಗ ಕಂಡಿತು. ಕೂಡಿದರೆ ಹೆಚ್ಚಾಗಬೇಕು. ಅಣ್ಣನ ಉತ್ತರ ಮೊದಲಿದ್ದ ಸಂಖ್ಯೆಗಿಂತ ಕಡಿಮೆ ಇದೆ. ಅಂದರೆ ಅವನು ಕಳೆದಿದ್ದಾನೆ. ಕಳೆಯಬೇಕೆಂದು ಎಲ್ಲಿಯೂ ಬರೆದಿಲ್ಲ.

ಅರ್ಧ ಗಂಟೆಯ ಕೆಲಸ. ಅದಕ್ಕೆ ಒಂದು ವರ್ಷ.

ಸಂಜೆ ಅವನು ಬಂದ. ಡಾಕ್ಟರು ಎಡಗಣ್ಣು ಹೋಯಿತು, ಬಲಗಣ್ಣಿನಲ್ಲಿ ಸ್ವಲ್ಪ ಉಳಿಯಬಹುದು, ಬರುವುದು ತಡವಾಯಿತು ಎಂದಿದ್ದರು. ಕೈಕಾಲು ತೊಳೆದು ಕೂತ ಮೇಲೆ ಕೇಳಿದೆ. "ಅಣ್ಣ, ಹದಿನೇಳರಲ್ಲಿ ಕೂಡು ಅಂತ ಬರೆದಿದ್ದೀಯ. ಕಳೆಯೋದು ಯಾವಾಗ?"

ಅವನು ತೊಡೆ ತಟ್ಟಿಕೊಂಡು ನಕ್ಕ. ಆ ದಿನದಲ್ಲಿ, ಆ ಕಣ್ಣಿಟ್ಟುಕೊಂಡು, ಮನೆ ಹಾರಿಹೋಗುವ ಹಾಗೆ ನಕ್ಕ.

"ಭಾಗಲಬ್ಧ ಸಮ ಬಂದ್ರೆ ಕೂಡ್ಬೇಕು, ಬೆಸ ಬಂದ್ರೆ ಕಳೀಬೇಕು! ಮಿಷನ್ನಿಗೆ ಹೇಳಿದೀನಿ ಕಣೇ, ಮನುಷ್ಯರಿಗೆ ಹೇಳೋದು ಮರ್ತಿದೀನಿ! ಎಂಥಾ ತಲೆ ನಿಂದು! ನಾನು ಮಿಷನ್ನೊಳಗೆ ಒಂದು ವರ್ಷ ಮಣ್ಣು ಅಗೆದೆ, ನೀನು ಹಾಳೆಯಲ್ಲಿ ಹಿಡಿದೆಯಲ್ಲೇ!"

ಹಾಗಾದರೆ ಮೊದಲ ಸಲ ಸರಿಯುತ್ತರ ಹೇಗೆ ಬಂತು ಎಂದು ಅವನು ಕೇಳಲಿಲ್ಲ. ಸ್ಟಾರ್ಟರ್ ಗುಂಡಿಗೂ ಯಾಕೆ ಎಂದು ಕೇಳುವ ಮನುಷ್ಯ. ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದನೋ ನನಗೆ ತಿಳಿಯದು. ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ ಎಂದುಕೊಳ್ಳುತ್ತೇನೆ. ಅದೂ ಸುಳ್ಳೇ ಇರಬಹುದು.

ಒಂದು ಸಾಲು ಸೇರಿಸಿ ಕಳಿಸಿದ ಮೇಲೆ ಹಲಗೆಯೂ ಮಿಷನ್ನೂ ಒಂದೇ ಮಾತು ಹೇಳಿದವು. ಆರು ತಿಂಗಳು ಪರೀಕ್ಷೆ ಮಾಡಿದರು. ಮುಂದಿನ ವರ್ಷದ ಪಂಚಾಂಗ ಅದರಿಂದಲೇ ಬರುತ್ತದೆಂದು ಗುರುಗಳು ಹೇಳಿ ಕಳಿಸಿದರು. ಜೊತೆಗೆ ಮರ್ಯಾದೆಯ ಗುರುತಾಗಿ ಒಂದು ಬಿಳಿ ರೇಷ್ಮೆ ವಲ್ಲಿ. ಅಣ್ಣ ತಡವರಿಸಿಕೊಂಡು ಬಂದು ಅದನ್ನು ನನ್ನ ಕೊರಳಿಗೆ ಹಾಕಿದ. ನಾನು ಅದನ್ನು ಕಿತ್ತು ಅವನ ಹೆಗಲಿಗೆ ಎಸೆದು, "ನಂಗೆ ಯಾಕೆ ಇವೆಲ್ಲ" ಎಂದು ಸಿಡುಕಿ ಒಳಗೆ ಹೋದೆ. "ಇವಳಿಗೆ ಹೊಗಳಿದ್ರೂ ಕಷ್ಟ" ಎಂದು ಅವನು ಯಜಮಾನರಿಗೆ ಹೇಳುತ್ತಿದ್ದುದು ಕೇಳಿಸಿತು.

ಆ ಪಂಚಾಂಗ ಅಚ್ಚಾಗಿ ಬರುವವರೆಗೆ ಅಣ್ಣ ಉಳಿಯಲಿಲ್ಲ. ಕಣ್ಣಿನ ಹಿಂದೆಯೇ ಮೂತ್ರಪಿಂಡವೂ ಕೈಕೊಟ್ಟಿತು. ಮನೆಯಲ್ಲಿ, ನಮ್ಮ ಮುಂದೆಯೇ, ಒಂದು ಮುಂಜಾನೆ ಹೋದ. ಅದಕ್ಕೆ ಇಪ್ಪತ್ತು ದಿನ ಮುಂಚಿನ ಒಂದು ಮಧ್ಯಾಹ್ನ ಕಡತದ ಕೊನೆಯ ಪ್ರತಿಯನ್ನು ಗಟ್ಟಿಯಾಗಿ ಓದು ಎಂದ. ತನಗೆ ಕಾಣುವುದಿಲ್ಲ, ಕೇಳಿಯಾದರೂ ಒಂದು ಸಲ ನೋಡಬೇಕು. ಕಾಲು ಊದಿಕೊಂಡಿತ್ತು, ದಿಂಬಿಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ. ನಾನು ಮೊದಲ ಪುಟದಿಂದ ಓದಿದೆ. ಅಲ್ಲಲ್ಲಿ "ಇನ್ನೊಂದು ಸಲ" ಎನ್ನುತ್ತಿದ್ದ. ಹದಿನೇಳು ಬಂತು, ಹೊಸ ಸಾಲೂ ಬಂತು, ತಲೆದೂಗಿದ.

ಕೊನೆಯಲ್ಲಿ ‘ತಿದ್ದುಪಡಿಗಳು’ ಎಂದು ಒಂದು ಪುಟ ಇತ್ತು. ಯಾವ ತಪ್ಪನ್ನು ಯಾರು ಕಂಡುಹಿಡಿದರು ಎಂಬ ಪಟ್ಟಿ. ಯಜಮಾನರ ಕೈಯಲ್ಲಿ ಹೇಳಿ ಬರೆಸಿದ್ದನಂತೆ, ನಾನು ಅದನ್ನು ನೋಡಿರಲಿಲ್ಲ. ಓದುತ್ತ ಹೋದೆ.

"ಹದಿನೇಳನೇ ಪುಟದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಕಂಡುಹಿಡಿದವಳು ನನ್ನ ತಂಗಿ. ಈ ಪುಸ್ತಕದ ಪ್ರತಿಯೊಂದು ಲೆಕ್ಕವನ್ನೂ ಅವಳು..."

ಅಲ್ಲಿಗೆ ನಿಂತೆ. ಮುಂದಿನ ಅಕ್ಷರಗಳು ಕಾಣುತ್ತಿದ್ದವು.

"ಓದೇ. ಯಾಕೆ ನಿಲ್ಲಿಸ್ದೆ?"

"ಇದು ಓದಕ್ಕಾಗಲ್ಲ ಕಣಣ್ಣ."

"ಯಾಕೆ? ಅಕ್ಷರ ಸರಿ ಬಿದ್ದಿಲ್ವಾ?"

"ಅಕ್ಷರ ಸರಿಯಾಗಿದೆ. ಮಾತು ಸುಳ್ಳು. ಪ್ರತಿಯೊಂದು ಲೆಕ್ಕವನ್ನೂ ನಾನು ಹಾಕಿಲ್ಲ. ಹದಿನೇಳನೇದು ಆವತ್ತು ಹಾಕ್ಲೇ ಇಲ್ಲ. ಚೀಟಿ ಬಿಚ್ಚಿ ನೋಡ್ಕಂಡು ಬರ್ದೆ. ಆಮೇಲೆ ನೀನು ವರ್ಷಗಟ್ಟಲೆ ಹುಡುಕ್ತಿದ್ರೂ, ಕಣ್ಣು ಹೋಗ್ತಿದ್ರೂ, ಗೊತ್ತಿದ್ದೂ ಬಾಯಿ ಮುಚ್ಕಂಡಿದ್ದೆ. ಈ ಸಾಲು ತೆಗೆಸಿ ನಿಜ ಬರೆಸು. ತಪ್ಪಾಯ್ತಣ್ಣ. ನನ್ನ ತಪ್ಪಾಯ್ತು."